ಪೆನ್ ಡ್ರೈವ್ ಕಳೆಯುವ ಮೊದಲೇ ಲಾಕ್ ಮಾಡಿಸಿ

ಮಾನ್ಯ ಸಂಪಾದಕರೇ,

ನಾನು ತಿಪಟೂರಿನಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತೇನೆ. ‘ಅಕ್ಕಾ, ಬೇಗ ಕೊಡಿ, ಬಸ್ಸಿಗೆ ಹೊತ್ತಾಯ್ತು’ ಎಂದು ಅವಸರ ಮಾಡುವವರು ಪ್ರಿಂಟ್ ಎಣಿಸಿಕೊಂಡು, ಚಿಲ್ಲರೆ ಎಣಿಸಿಕೊಂಡು ಓಡುತ್ತಾರೆ. ಪೆನ್ ಡ್ರೈವ್ ಮಾತ್ರ ಸಿಪಿಯುನಲ್ಲೇ ಉಳಿಯುತ್ತದೆ. ಹೀಗೆ ಉಳಿದವುಗಳಿಗೆಂದೇ ಡ್ರಾಯರ್‌ನಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ. ಮದುವೆ ಕಾರ್ಡು, ಕಾಲೇಜು ಪ್ರಾಜೆಕ್ಟು ಇದ್ದರೆ ಚಿಂತೆಯಿಲ್ಲ. ಆದರೆ ಶಾಲೆ, ಸಹಕಾರ ಸಂಘ, ಆಡಿಟರ್ ಆಫೀಸುಗಳ ಪೆನ್ ಡ್ರೈವ್‌ಗಳೂ ಅದರಲ್ಲಿ ಸೇರುತ್ತವೆ. ನಾನು ಈ ಪತ್ರ ಬರೆಯುತ್ತಿರುವುದು ಅವುಗಳ ಬಗ್ಗೆ.

ಹೋದ ಜೂನ್‌ನಲ್ಲಿ ಒಂದು ಶಾಲೆಯವರು ಸ್ಕಾಲರ್‌ಶಿಪ್ ಪಟ್ಟಿ ಪ್ರಿಂಟ್ ಹಾಕಿಸಲು ಬಂದಿದ್ದರು. ಎಕ್ಸೆಲ್ ಶೀಟ್ ಅಷ್ಟೂ ಪರದೆ ಮೇಲೆ ತೆರೆದುಕೊಂಡಿತು. ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಆಧಾರ್ ನಂಬರ್, ಪಾಸ್‌ಬುಕ್ ನಂಬರ್, ತಾಯಿಯ ಮೊಬೈಲ್. ಕೊನೆಯಲ್ಲಿ ‘ಷರಾ’ ಎಂಬ ಕಾಲಂ. ಅದರಲ್ಲಿ ಒಂದು ಕಡೆ ‘ತಂದೆ ಬಿಟ್ಟು ಹೋಗಿದ್ದಾರೆ’, ಇನ್ನೊಂದು ಕಡೆ ‘ಫಿಟ್ಸ್ ಬರುತ್ತದೆ’ ಎಂದು ಬರೆದಿತ್ತು. ಪಕ್ಕದಲ್ಲಿ ಪಾಳಿಗೆ ನಿಂತಿದ್ದವರಿಗೂ ಎಲ್ಲ ಕಾಣುತ್ತಿತ್ತು. ಆ ಪೆನ್ ಡ್ರೈವ್ ಕೂಡ ನನ್ನ ಅಂಗಡಿಯಲ್ಲೇ ಉಳಿಯಿತು. ಮೇಲೆ ಒಂದು ಹೆಸರಿಲ್ಲ, ಫೋನ್ ನಂಬರ್ ಇಲ್ಲ, ಪಾಸ್‌ವರ್ಡ್ ಅಂತೂ ಇರಲೇ ಇಲ್ಲ. ಅವರು ಮತ್ತೆ ಬಂದು ತೆಗೆದುಕೊಂಡು ಹೋದರು, ಸರಿ. ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದರೆ?

ಸಿಕ್ಕವರು ತೆರೆದು ನೋಡಿಯೇ ನೋಡುತ್ತಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಸಂಶೋಧಕರು 297 ಪೆನ್ ಡ್ರೈವ್‌ಗಳನ್ನು ಬೇಕಂತಲೇ ಅಲ್ಲಲ್ಲಿ ಬಿಟ್ಟು ನೋಡಿದ್ದರು. ಹೆಚ್ಚುಕಡಿಮೆ ಅರ್ಧದಷ್ಟನ್ನು ಜನ ಕಂಪ್ಯೂಟರಿಗೆ ಹಾಕಿ ಫೈಲ್ ತೆರೆದರು. ಯಾಕೆ ಎಂದು ಕೇಳಿದಾಗ ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಹೇಳಿದ್ದು, ವಾರಸುದಾರರನ್ನು ಹುಡುಕಲು ಎಂದು. ಒಳ್ಳೆಯ ಮನಸ್ಸಿನವರು ತೆರೆದರೂ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ, ಅಲ್ವಾ?

ದೊಡ್ಡ ಸಂಸ್ಥೆಗಳೂ ಇದರಲ್ಲಿ ಎಡವಿವೆ. 2017ರಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಸಿಬ್ಬಂದಿಯೊಬ್ಬರು ಕಳೆದುಕೊಂಡ ಪೆನ್ ಡ್ರೈವ್ ದಾರಿಹೋಕರೊಬ್ಬರಿಗೆ ಸಿಕ್ಕಿತು. ಅವರು ಅದನ್ನು ಲೈಬ್ರರಿಯ ಕಂಪ್ಯೂಟರಿಗೆ ಹಾಕಿ ನೋಡಿದರು. ಪಾಸ್‌ವರ್ಡ್ ಇರಲಿಲ್ಲ. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ವಿಮಾನ ನಿಲ್ದಾಣದ ಕಂಪನಿಗೆ 1,20,000 ಪೌಂಡ್ ದಂಡ ಹಾಕಿತು. 6,500 ಸಿಬ್ಬಂದಿಯಲ್ಲಿ ಮಾಹಿತಿ ರಕ್ಷಣೆಯ ತರಬೇತಿ ಸಿಕ್ಕಿದ್ದು ಬರೀ ಶೇ 2ರಷ್ಟು ಜನರಿಗೆ ಎಂಬುದೂ ತನಿಖೆಯಲ್ಲಿ ಹೊರಬಂತು. 2022ರಲ್ಲಿ ಜಪಾನಿನ ಅಮಾಗಸಾಕಿಯಲ್ಲಿ ಗುತ್ತಿಗೆ ಕೆಲಸಗಾರರೊಬ್ಬರು ಊರಿನ ಸುಮಾರು 4.6 ಲಕ್ಷ ನಿವಾಸಿಗಳ ಮಾಹಿತಿ ಇದ್ದ ಪೆನ್ ಡ್ರೈವನ್ನು ಬ್ಯಾಗ್ ಸಮೇತ ಕಳೆದುಕೊಂಡರು. ಊರಿಗೆ ಊರೇ ಗಾಬರಿಯಾಯಿತು. ಆದರೆ ಅದು ಎನ್‌ಕ್ರಿಪ್ಟ್ ಆಗಿತ್ತು, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲು ಬಾರದಂತೆ ಲಾಕ್ ಆಗಿತ್ತು. ಕೆಲವೇ ದಿನಗಳಲ್ಲಿ ಬ್ಯಾಗೂ ಸಿಕ್ಕಿತು. ಅಲ್ಲೂ ಒಂದು ಎಡವಟ್ಟಾಯಿತು. ಪಾಸ್‌ವರ್ಡಿನಲ್ಲಿ ಎಷ್ಟು ಅಕ್ಷರ ಇವೆ ಎಂದು ಅಧಿಕಾರಿಗಳು ಪತ್ರಿಕಾಗೋಷ್ಠಿಯಲ್ಲೇ ಹೇಳಿಬಿಟ್ಟರು! ಅದೇನೇ ಇರಲಿ, ಕಳೆದುಹೋಗುವುದನ್ನು ಪೂರ್ತಿ ತಪ್ಪಿಸಲು ಯಾರಿಂದಲೂ ಆಗುವುದಿಲ್ಲ. ಲಾಕ್ ಮಾಡುವುದು ನಮ್ಮ ಕೈಯಲ್ಲಿದೆ.

ಇದಕ್ಕೆ ಜಾಸ್ತಿ ಖರ್ಚೂ ಇಲ್ಲ. ವಿಂಡೋಸ್ ಪ್ರೊ ಇರುವ ಕಂಪ್ಯೂಟರಿನಲ್ಲಿ ಪೆನ್ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ವಿಂಡೋಸ್‌ನಲ್ಲೇ ಇರುವ ಬಿಟ್‌ಲಾಕರ್ ಎಂಬ ಲಾಕ್ ಆನ್ ಮಾಡಿದರೆ ಆಯಿತು. ಪಾಸ್‌ವರ್ಡ್ ಮರೆತರೆ ತೆರೆಯಲೆಂದು ಆಗ ಸಿಗುವ 48 ಅಂಕಿಗಳ ರಿಕವರಿ ಕೀಯನ್ನು ಆಫೀಸಿನ ಬೀರುವಿನಲ್ಲಿಡಿ. ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಹೀಗೆ ಲಾಕ್ ಮಾಡಲು ಬರುವುದಿಲ್ಲ, ಅಲ್ಲಿಗೆ ಉಚಿತವಾಗಿ ಸಿಗುವ ವೆರಾಕ್ರಿಪ್ಟ್ ಎಂಬ ಸಾಫ್ಟ್‌ವೇರ್ ಇದೆ. ಒಂದೆರಡು ಫೈಲ್ ಮಾತ್ರ ಇದ್ದರೆ ಫೈಲ್ ಕಟ್ಟಿಡುವ 7-ಜಿಪ್ ಎಂಬ ಸಾಫ್ಟ್‌ವೇರ್‌ನಲ್ಲಿ ಪಾಸ್‌ವರ್ಡ್ ಹಾಕಿದರೂ ಸಾಕು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪೆನ್ ಡ್ರೈವ್‌ಗೇ ಅಂಟಿಸಿಕೊಂಡು ಬರುವವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅಂಟಿಸುವುದಾದರೆ ಒಂದು ಫೋನ್ ನಂಬರ್ ಅಂಟಿಸಿ, ಸಿಕ್ಕವರು ತೆರೆಯದೆಯೇ ಕರೆ ಮಾಡಬಹುದು.

ಅಂಗಡಿಯವಳಾಗಿ ಇನ್ನೊಂದು ಮಾತು. ಪ್ರಿಂಟ್‌ಗೆ ಬೇರೆಯದೇ ಪೆನ್ ಡ್ರೈವ್ ಇಟ್ಟುಕೊಳ್ಳಿ, ಅದರಲ್ಲಿ ಅವತ್ತಿನ ಫೈಲ್ ಮಾತ್ರ ಇರಲಿ. ಲಾಕ್ ಆದ ಪೆನ್ ಡ್ರೈವ್ ತಂದು ಹತ್ತಾರು ಜನ ಬಳಸುವ ನಮ್ಮಂಥವರ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒತ್ತುವುದು ಕ್ಷೇಮವಲ್ಲ. ‘ಡಿಲೀಟ್ ಮಾಡಿದ್ದೀನಿ, ಏನೂ ಇಲ್ಲ’ ಎನ್ನುವವರೂ ಇದ್ದಾರೆ. ಡಿಲೀಟ್ ಆದ ಫೈಲುಗಳನ್ನು ಮರಳಿ ತೆಗೆಯುವ ಸಾಫ್ಟ್‌ವೇರ್‌ಗಳು ಪುಕ್ಕಟೆಯಾಗಿ ಸಿಗುತ್ತವೆ. ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುತ್ತದೆಯೇ ಎಂದು ಕೇಳಿ ನೋಡಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿಯನ್ನು ಸರಿಯಾಗಿ ಕಾಪಾಡದವರಿಗೆ 250 ಕೋಟಿ ರೂಪಾಯಿವರೆಗೂ ದಂಡ ಹೇಳಿದೆ. ಕಾಯ್ದೆ ದೆಹಲಿಯಲ್ಲಾಯಿತು. ಕೆಲಸ ಮಾತ್ರ ತಾಲ್ಲೂಕಿನಲ್ಲಿ ಆಗಬೇಕು. ಮುಂದಿನ ಸ್ಕಾಲರ್‌ಶಿಪ್ ಅರ್ಜಿಗಳು ಶುರುವಾಗುವ ಮೊದಲೇ ಶಿಕ್ಷಣ ಇಲಾಖೆ ಮತ್ತು ಸಹಕಾರ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಜನರ ಮಾಹಿತಿ ಒಯ್ಯುವ ಪೆನ್ ಡ್ರೈವನ್ನು ಕಚೇರಿಯೇ ಲಾಕ್ ಮಾಡಿ ಕೊಡಲಿ, ಯಾರ ಕೈಗೆ ಕೊಟ್ಟಿದ್ದೇವೆ ಎಂದು ರಿಜಿಸ್ಟರಿನಲ್ಲಿ ಬರೆಯಲಿ. ಕಳೆದುಹೋಯಿತೆಂದು ಅವತ್ತೇ ಬಂದು ಹೇಳಿದ ಗುಮಾಸ್ತರಿಗೆ, ಶಿಕ್ಷಕರಿಗೆ ನೋಟಿಸ್ ಕೊಡುವುದಿಲ್ಲ ಎಂಬ ಮಾತೂ ಅದರಲ್ಲಿರಲಿ. ನೋಟಿಸಿಗೆ ಹೆದರಿ ಅವರು ಸುಮ್ನಿದ್ದುಬಿಟ್ಟರೆ, ಬ್ಯಾಂಕಿನವರು ಎಂದು ಹೇಳಿಕೊಂಡು ಒಟಿಪಿ ಕೇಳುವವನ ಫೋನು ಬರುವವರೆಗೂ ಪಟ್ಟಿಯಲ್ಲಿ ಮೊಬೈಲ್ ನಂಬರ್ ಇರುವ ತಾಯಂದಿರಿಗೆ ವಿಷಯವೇ ಗೊತ್ತಾಗುವುದಿಲ್ಲ.

– ಜೆರಾಕ್ಸ್ ಅಂಗಡಿ ನಡೆಸುವ ಓದುಗರು, ತಿಪಟೂರು