ಹಾರ ಹಾಕಿದ ಟ್ರಾಕ್ಟರ್ ಜಪ್ತಿ ಆಗಿದ್ದು ಹೇಗೆ?

ಸಂಪಾದಕರೇ,

"ಬ್ಯಾಂಕಿನವರು ಜಪ್ತಿ ಮಾಡಿದ ಗಾಡಿಗಳು, ಅರ್ಧ ಬೆಲೆಗೆ, ಆನ್‌ಲೈನ್ ಹರಾಜು, ಇವತ್ತೇ ಕೊನೇ ದಿನ." ಈ ಥರದ ಮೆಸೇಜು ನಿಮ್ಮ ಓದುಗರಲ್ಲಿ ಯಾರಿಗೆ ಬಂದಿಲ್ಲ ಹೇಳಿ. ನನಗೆ ನೆಂಟರ ಗ್ರೂಪಿನಲ್ಲೂ ಬಂದಿದೆ, ಹಾಲಿನ ಡೇರಿ ಗ್ರೂಪಿನಲ್ಲೂ ಬಂದಿದೆ. ನಾನು ಬ್ಯಾಂಕಿನ ಸಾಲ ವಸೂಲಾತಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮನೆ, ಸೈಟು, ಲಾರಿ, ರೈಸ್ ಮಿಲ್ಲು ಎಲ್ಲದರ ಹರಾಜನ್ನೂ ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ಪತ್ರ. ನಿಜವಾದ ಹರಾಜು ಯಾವತ್ತೂ ಗುಟ್ಟಾಗಿ ನಡೆಯುವುದಿಲ್ಲ. ಜಾಸ್ತಿ ಜನ ಕೂಗಿದಷ್ಟೂ ಬೆಲೆ ಏರುತ್ತದೆ, ಬ್ಯಾಂಕಿಗೆ ಬೇಕಾಗಿರುವುದೂ ಅದೇ ಅಲ್ವಾ? ಹಾಗಿರುವಾಗ "ನಿಮಗೆ ಮಾತ್ರ ಹೇಳ್ತಿದ್ದೀನಿ ಸರ್, ಬೇರೆಯವರಿಗೆ ಹೇಳಬೇಡಿ" ಅಂತ ಒಬ್ಬ ಫೋನ್ ಮಾಡಿದರೆ, ಅವನು ಬ್ಯಾಂಕಿನವನಲ್ಲ.

ನನ್ನ ತಂಗಿಯ ಮಗನ ಕಥೆ ಹೇಳುತ್ತೇನೆ. ತುರುವೇಕೆರೆ ಕಡೆ ತೆಂಗಿನ ತೋಟ, ಸ್ವಲ್ಪ ರಾಗಿ ಹೊಲ. ಅವನಿಗೊಂದು ಹಳೇ ಟ್ರಾಕ್ಟರ್ ಬೇಕಿತ್ತು. ಫೇಸ್‌ಬುಕ್‌ನಲ್ಲಿ ಜಾಹೀರಾತು ನೋಡಿ ನಂಬರ್ ಒತ್ತಿದ, ಅವರು ಒಂದು ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸಿದರು. ಗ್ರೂಪಿನಲ್ಲಿ ಬ್ಯಾಂಕಿನ ಲೋಗೋ ಹಾಕಿದ ಪಿಡಿಎಫ್ ಇತ್ತು. ನೋಂದಣಿ ಶುಲ್ಕ 2,100 ರೂಪಾಯಿ, ವಾಪಸ್ ಕೊಡುತ್ತಾರಂತೆ. ಕಟ್ಟಿದ. ಸಂಜೆ ಹರಾಜು ಶುರುವಾಯಿತು. ಒಬ್ಬ 1,60,000 ಅಂದ, ಇನ್ನೊಬ್ಬ 1,70,000 ಅಂದ, ಇವನು ಕೂಗಿದ ಮೇಲೆ ಮತ್ತೊಬ್ಬ ಏರಿಸಿದ. ಕೊನೆಗೆ ಬೇರೆ ಯಾರಿಗೋ ಹೋಯಿತು. ಇವನಿಗೆ ಬೇಜಾರಾಯಿತು. ಮಾರನೇ ದಿನ ಬೆಳಿಗ್ಗೆ ಫೋನು: "ಗೆದ್ದವರು ದುಡ್ಡು ಕಟ್ಟಲಿಲ್ಲ ಸರ್, ಎರಡನೇ ಬಿಡ್ ನಿಮ್ಮದು, ನಿಮ್ಮ ಅದೃಷ್ಟ. ಮಧ್ಯಾಹ್ನದೊಳಗೆ ಇಎಂಡಿ ಹಾಕಿ." ಇಎಂಡಿ ಅಂದರೆ ಹರಾಜಿನ ಮುಂಗಡ ಠೇವಣಿ.

ಈ ಎರಡನೇ ಬಿಡ್ಡಿನ ಆಟ ಹಳೆಯದು. ಇ-ಬೇ ಥರದ ಹರಾಜು ವೆಬ್‌ಸೈಟುಗಳು ಬಂದ ಕಾಲದಿಂದಲೂ ಮೋಸಗಾರರು ಇದನ್ನೇ ಆಡಿಕೊಂಡು ಬಂದಿದ್ದಾರೆ. ಸೋತವನಿಗೆ ಸೋತ ವಸ್ತುವಿನ ಮೇಲೆ ಆಸೆ ಇನ್ನೂ ಆರಿರುವುದಿಲ್ಲ. ಆ ಹೊತ್ತಿನಲ್ಲಿ ಸೈಟಿನಿಂದ ಹೊರಗೆ ಕರೆದು, ನೇರವಾಗಿ ದುಡ್ಡು ಹಾಕಿಸಿಕೊಳ್ಳುವುದು. ಆ ಗ್ರೂಪಿನಲ್ಲಿ ಕೂಗಿದವರಲ್ಲಿ ನಿಜವಾದ ಗಿರಾಕಿ ಬಹುಶಃ ನಮ್ಮ ಹುಡುಗ ಒಬ್ಬನೇ.

ಅವನು 18,000 ಹಾಕಿದ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಬ್ಯಾಂಕಿನ ಹೆಸರು ಬರಲಿಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂತು. ಕೇಳಿದ್ದಕ್ಕೆ "ನಮ್ಮ ಅಧಿಕೃತ ಏಜೆಂಟ್ ಸರ್, ಜಿಎಸ್‌ಟಿ ಉಳಿಯಲಿ ಅಂತ ಹೀಗೆ" ಅಂದರಂತೆ. ಆಮೇಲೆ ಜಪ್ತಿ ಗಾಡಿ ನಿಲ್ಲಿಸುವ ಯಾರ್ಡಿನ ಗೇಟ್ ಪಾಸಿಗೆ 9,500. ಆಮೇಲೆ ಎನ್‌ಒಸಿಗೆ, ಅಂದರೆ ನಿರಾಕ್ಷೇಪಣಾ ಪತ್ರಕ್ಕೆ, ಇನ್ನೊಂದಷ್ಟು. ಗಾಡಿ ನೋಡಬೇಕು ಅಂದರೆ ಗೇಟ್ ಪಾಸ್ ಬೇಕು, ಗೇಟ್ ಪಾಸ್ ಬೇಕು ಅಂದರೆ ದುಡ್ಡು ಬೇಕು. ಎನ್‌ಒಸಿ ಹೊತ್ತಿಗೆ ಇವನಿಗೆ ಅನುಮಾನ ಬಂದು ನನಗೆ ಫೋಟೊ ಕಳಿಸಿದ.

ಫೋಟೊ ನೋಡಿ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಟ್ರಾಕ್ಟರಿನ ಬಾನೆಟ್ ಮೇಲೆ ಚೆಂಡುಹೂವಿನ ಹಾರ. ಅರಿಶಿನ ಕುಂಕುಮ. ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು. ಯಾರೋ ಪುಣ್ಯಾತ್ಮ ಗಾಡಿ ತಂದ ದಿನ ಪೂಜೆ ಮಾಡಿಸಿ ತೆಗೆಸಿಕೊಂಡ ಫೋಟೊ ಅದು. ಕಂತು ಕಟ್ಟದೆ ಜಪ್ತಿಯಾಗಿ ಯಾರ್ಡಿನಲ್ಲಿ ಬಿಸಿಲು ಮಳೆಗೆ ನಿಂತ ಗಾಡಿಗೆ ಹಾರ ಯಾರು ಹಾಕುತ್ತಾರೆ? ಯಾರ್ಡ್ ಫೋಟೊಗಳನ್ನು ನೋಡಿದವರಿಗೆ ಗೊತ್ತು. ಧೂಳು, ಗಾಳಿ ಇಳಿದ ಟೈರು, ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಂಬರು. ಅಷ್ಟು ಚಂದದ ಫೋಟೊ ಇದ್ದರೆ ಮೊದಲು ಅದನ್ನೇ ಅನುಮಾನಿಸಬೇಕು.

ಹಾಗಾದರೆ ಅಸಲಿ ಹರಾಜು ಹೇಗಿರುತ್ತದೆ? ಮನೆ, ಸೈಟಿನದ್ದು ಮೊದಲು ಹೇಳುತ್ತೇನೆ. ಸಾಲ ಕಟ್ಟದವರ ಆಸ್ತಿಯನ್ನು ಬ್ಯಾಂಕುಗಳು ಹೆಚ್ಚಾಗಿ ಮಾರುವುದು 2002ರ ಸರ್ಫೇಸಿ ಕಾಯ್ದೆಯಡಿ. ಅದರ ನಿಯಮ ಬಹಳ ಸ್ಪಷ್ಟ. ಹರಾಜಿನ ಸೂಚನೆಯನ್ನು ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಅದರಲ್ಲೊಂದು ಆ ಊರಿನ ಭಾಷೆಯದ್ದಾಗಿರಬೇಕು. ಮೊದಲ ಸಲದ ಹರಾಜಿಗೆ 30 ದಿನ ಮುಂಚೆ ಸೂಚನೆ ಕೊಡಬೇಕು, ಗಿರಾಕಿ ಸಿಗದೆ ಮತ್ತೆ ಹರಾಜು ಹಾಕಿದರೆ 15 ದಿನ. ಅಂದರೆ "ಇವತ್ತೇ ಕೊನೇ ದಿನ, ಈಗಲೇ ಹಾಕಿ" ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಸೂಚನೆಯಲ್ಲಿ ಆಸ್ತಿಯ ಚಕ್ಕುಬಂದಿ, ಮೀಸಲು ಬೆಲೆ (ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅನ್ನುವ ಬೆಲೆ), ಇಎಂಡಿ ಎಷ್ಟು, ಯಾವಾಗ ಬಂದು ನೋಡಬಹುದು, ಯಾವ ಅಧಿಕಾರಿಯನ್ನು ಕೇಳಬೇಕು, ಎಲ್ಲವೂ ಇರುತ್ತದೆ. ಇಎಂಡಿ ಸಾಮಾನ್ಯವಾಗಿ ಮೀಸಲು ಬೆಲೆಯ 10%. ಅದು ಹೋಗುವುದು ಬ್ಯಾಂಕಿನ ಹೆಸರಿನ ಖಾತೆಗೆ ಇಲ್ಲವೇ ಹರಾಜಿನ ಪೋರ್ಟಲ್ಲಿಗೆ, ಯಾರದೋ ಫೋನ್‌ಪೇ ನಂಬರಿಗೆ ಅಲ್ಲ. ಗೆದ್ದ ಮೇಲೆ ಅದೇ ದಿನ, ಇಲ್ಲದಿದ್ದರೆ ಮಾರನೇ ಕೆಲಸದ ದಿನ, ಇಎಂಡಿ ಸೇರಿಸಿ 25% ಕಟ್ಟಬೇಕು. ಉಳಿದದ್ದು ಮಾರಾಟ ಖಚಿತವಾದ 15 ದಿನದೊಳಗೆ. ಕಟ್ಟದಿದ್ದರೆ ಕಟ್ಟಿದ್ದೂ ಹೋಗುತ್ತದೆ, ಆಸ್ತಿಯನ್ನು ಮತ್ತೆ ಮಾರಾಟಕ್ಕೆ ಇಡುತ್ತಾರೆ. ವಾಟ್ಸ್‌ಆ್ಯಪ್ ಕರೆಯಲ್ಲಿ ಎರಡನೆಯವನ ಕೈಗೆ ದಾಟಿಸುವುದಿಲ್ಲ.

ಇನ್ನೊಂದು ವಿಷಯ, ನಮ್ಮ ಕಡೆಯವರಿಗೆ ಇದು ಗೊತ್ತಿರಲೇಬೇಕು. ಈ ಕಾಯ್ದೆಯಡಿ ಕೃಷಿ ಜಮೀನನ್ನು ಹರಾಜು ಹಾಕುವ ಹಾಗಿಲ್ಲ, ಸೆಕ್ಷನ್ 31ರಲ್ಲೇ ಅದಕ್ಕೆ ವಿನಾಯಿತಿ ಇದೆ. (ಕಾಫಿ ತೋಟಗಳ ಮೇಲೆ ಈ ಕಾಯ್ದೆ ಪ್ರಯೋಗಿಸಿದ್ದಕ್ಕೆ ಬೆಳೆಗಾರರಿಗೂ ಬ್ಯಾಂಕುಗಳಿಗೂ ದೊಡ್ಡ ಜಗಳವೇ ನಡೆದಿದೆ, ಅದು ಬೇರೆ ಕಥೆ.) "ಸರ್ಫೇಸಿ ಹರಾಜು, 4 ಎಕರೆ ಅಡಿಕೆ ತೋಟ, ಸಿಕ್ಕಾಪಟ್ಟೆ ಅಗ್ಗ" ಅಂತ ಪಿಡಿಎಫ್ ಬಂದರೆ ಅದನ್ನು ತಯಾರಿಸಿದವನಿಗೆ ಕಾಯ್ದೆಯೂ ಗೊತ್ತಿಲ್ಲ, ತೋಟವೂ ಗೊತ್ತಿಲ್ಲ.

ಸರ್ಕಾರಿ ಬ್ಯಾಂಕುಗಳ ಆಸ್ತಿಗಳಿಗೆ 2025ರ ಜನವರಿಯಿಂದ ಬ್ಯಾಂಕ್‌ನೆಟ್ ಅನ್ನುವ ಒಂದೇ ಪೋರ್ಟಲ್ ಬಂದಿದೆ. ಫೋನಿನಲ್ಲಿ ಬಂದ ಲಿಂಕ್ ಒತ್ತಬೇಡಿ. ವಿಳಾಸವನ್ನು ಬ್ಯಾಂಕಿನ ಶಾಖೆಯಲ್ಲಿ ಕೇಳಿ, ನೀವೇ ಟೈಪ್ ಮಾಡಿ ಒಳಗೆ ಹೋಗಿ. ಬ್ಯಾಂಕುಗಳ ವೆಬ್‌ಸೈಟ್ ವಿಳಾಸ ಈಗ "ಡಾಟ್ ಬ್ಯಾಂಕ್ ಡಾಟ್ ಇನ್" ಅಂತ ಕೊನೆಯಾಗಬೇಕು, 2025ರ ಅಕ್ಟೋಬರ್ ಒಳಗೆ ಬದಲಾಯಿಸಿ ಅಂತ ರಿಸರ್ವ್ ಬ್ಯಾಂಕೇ ಹೇಳಿತ್ತು. ನಕಲಿ ಸೈಟಿನವನು ಲೋಗೋ ಕದಿಯಬಹುದು, ಬಣ್ಣ ಕದಿಯಬಹುದು, ಈ ಬಾಲವನ್ನು ಮಾತ್ರ ಸುಲಭಕ್ಕೆ ಪಡೆಯಲಾರ. ಖಾಸಗಿ ಫೈನಾನ್ಸ್ ಕಂಪನಿಗಳು ಬೇರೆ ಬೇರೆ ಹರಾಜು ಸೈಟುಗಳನ್ನು ಬಳಸುತ್ತವೆ, ಅದು ತಪ್ಪಲ್ಲ. ಆದರೆ ಆ ಕಂಪನಿಯ ನಿಮ್ಮೂರಿನ ಶಾಖೆಗೆ ಹೋಗಿ "ಈ ಹರಾಜು ನಿಮ್ಮದೇನಾ?" ಅಂತ ಕೇಳಲು ಅರ್ಧ ದಿನ ಸಾಕು. ಪಿಡಿಎಫ್‌ನಲ್ಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸುವುದು ವಿಚಾರಣೆಯೇ ಅಲ್ಲ, ಕಳ್ಳನನ್ನೇ ಸಾಕ್ಷಿ ಕೇಳಿದಂತೆ.

ಗಾಡಿ ಆದರೆ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ನಂಬರ್ ಹಾಕಿ ನೋಡಿ. ಯಾವ ಮಾಡೆಲ್, ಸಾಲ ಇದೆಯಾ, ಇನ್ಶೂರೆನ್ಸ್ ಇದೆಯಾ ಅಂತ ತೋರಿಸುತ್ತದೆ. ಜಪ್ತಿ ಗಾಡಿ ಅನ್ನುತ್ತಾರೆ, ದಾಖಲೆಯಲ್ಲಿ ಸಾಲವೇ ಇಲ್ಲ ಅಂದರೆ ಜಪ್ತಿ ಮಾಡಿದವರು ಯಾರು? ನಮ್ಮ ಹುಡುಗ ಕೇಳಿದಾಗ ಅವರು ನಂಬರ್ ಪ್ಲೇಟ್ ಮಸುಕು ಮಾಡಿದ ಫೋಟೊ ಕಳಿಸಿದ್ದರು, "ಗೌಪ್ಯತೆ ಸರ್" ಅಂತ. ಹರಾಜಿಗಿಟ್ಟ ಗಾಡಿಗೆ ಎಂಥ ಗೌಪ್ಯತೆ! ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗಿ, ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ಹಾಕಿ ನೋಡದೆ ಒಂದು ರೂಪಾಯಿಯೂ ಕೊಡಬಾರದು. ಹರಾಜಿನಲ್ಲಿ ಕೊಂಡ ಗಾಡಿಯನ್ನು ಆರ್‌ಟಿಒದಲ್ಲಿ ಹೆಸರಿಗೆ ಮಾಡಿಸಲು ಬೇಕಾದ ಕಾಗದ ಯಾರು ಕೊಡುತ್ತೀರಿ ಅಂತ ಮೊದಲೇ ಕೇಳಿ. ಅಸಲಿ ಯಾರ್ಡಿನವರು ತಟ್ಟನೆ ಉತ್ತರ ಕೊಡುತ್ತಾರೆ. ನಕಲಿಯವರು "ಅದೆಲ್ಲ ನಾವೇ ಮಾಡಿಸ್ತೀವಿ ಸರ್, ಚಾರ್ಜ್ ಹಾಕಿ" ಅನ್ನುತ್ತಾರೆ.

ಉಳಿದ ವೇಷಗಳೂ ಇವೆ. ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವರು ಹಿಡಿದ ಐಫೋನು ಐದು ಸಾವಿರಕ್ಕೆ, ವರ್ಗಾವಣೆಯಾದ ಸೈನಿಕನ ಬುಲೆಟ್ ಬೈಕು. ಹಳೇ ನಾಣ್ಯ, ನೋಟಿಗೆ ಲಕ್ಷಗಟ್ಟಲೆ ಕೊಡುವ ಹರಾಜು ಅಂತೂ ನಿಂತೇ ಇಲ್ಲ. ರಿಸರ್ವ್ ಬ್ಯಾಂಕಿನ ಹೆಸರು, ಲೋಗೋ ಬಳಸಿ ಕಮಿಷನ್ನು, ತೆರಿಗೆ ಅಂತ ಕೀಳುತ್ತಿದ್ದಾರೆ, ನಮಗೂ ಅದಕ್ಕೂ ಸಂಬಂಧವಿಲ್ಲ ಅಂತ ಆ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿತ್ತು. ಎಲ್ಲದರ ಕಥೆ ಒಂದೇ: ವಸ್ತು ನೋಡುವ ಮೊದಲು ದುಡ್ಡು, ಕೊಟ್ಟ ಮೇಲೆ ಇನ್ನಷ್ಟು ದುಡ್ಡು. ಹಾಗೇ, ದುಡ್ಡು ವಾಪಸ್ ಬರಲು ಯುಪಿಐ ಪಿನ್ ಒತ್ತಿ ಅಂದರೆ ಫೋನ್ ಇಟ್ಟುಬಿಡಿ. ಪಿನ್ ಒತ್ತುವುದು ದುಡ್ಡು ಹೋಗಲು, ಬರಲು ಅಲ್ಲ.

ಹಾಗಂತ ಅಸಲಿ ಹರಾಜಿನಲ್ಲಿ ಕಣ್ಣು ಮುಚ್ಚಿ ಕೂಗಬಹುದು ಅಂತಲ್ಲ. ಸೂಚನೆಯ ಕೊನೆಯಲ್ಲಿ "ಇದ್ದಲ್ಲಿ ಇದ್ದಂತೆ" ಅಂತ ಒಂದು ಸಾಲು ಇರುತ್ತದೆ. ಮುಂದೆ ಬರುವ ತಲೆನೋವೆಲ್ಲ ಕೊಂಡವನದ್ದೇ ಅಂತ ಅದರ ತಾತ್ಪರ್ಯ. ಸ್ವಾಧೀನ ಸಾಂಕೇತಿಕ ಅಂತ ಬರೆದಿದ್ದರೆ ಮನೆಯಲ್ಲಿ ಸಾಲಗಾರನೋ ಬಾಡಿಗೆದಾರನೋ ಇನ್ನೂ ಕೂತಿದ್ದಾನೆ ಎಂದೇ ತಿಳಿಯಿರಿ. ಅವನನ್ನು ಎಬ್ಬಿಸಲು ಬ್ಯಾಂಕು ಜಿಲ್ಲಾ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕು, ಅಷ್ಟರಲ್ಲಿ ಸಾಲಗಾರ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿರುತ್ತಾನೆ, ನಿಮ್ಮ ದುಡ್ಡು ನಡುವೆ ಸಿಕ್ಕಿಕೊಂಡಿರುತ್ತದೆ. ಹಳೇ ಕರೆಂಟ್ ಬಿಲ್ಲು, ಕಂದಾಯ, ಅಪಾರ್ಟ್‌ಮೆಂಟಿನ ಮೆಂಟೆನೆನ್ಸ್ ಬಾಕಿ ಎಷ್ಟಿದೆ ಅಂತ ಮೊದಲೇ ವಿಚಾರಿಸಬೇಕು. ಕೇರಳದ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಏನು ಹೇಳಿತು ಗೊತ್ತಾ? ನಿಯಮದಲ್ಲಿ ಹಾಗಿದ್ದರೆ, ಹಿಂದಿನವನ ಕರೆಂಟ್ ಬಾಕಿ ತೀರಿಸಿದರೆ ಮಾತ್ರ ಹೊಸ ಸಂಪರ್ಕ ಅಂತ ಹರಾಜಿನಲ್ಲಿ ಕೊಂಡವನಿಗೂ ಹೇಳಬಹುದು ಅಂತ. ಇದು ಮೋಸವಲ್ಲ, ಆದರೆ ಗೊತ್ತಿಲ್ಲದವನ ಜೇಬಿಗೆ ಎರಡೂ ಒಂದೇ.

ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ನಾಚಿಕೆ ಪಟ್ಟುಕೊಂಡು ಎರಡು ದಿನ ಸುಮ್ನೆ ಕೂರಬಾರದು. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸುವ ಮುಂಚೆ ತಡೆದರೆ ಸ್ವಲ್ಪವಾದರೂ ಉಳಿಯುತ್ತದೆ. ವಹಿವಾಟಿನ ನಂಬರ್, ಹಣ ಹೋದ ಸಮಯ ಕೈಯಲ್ಲಿರಲಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವ ಮುಂಚೆ ಗ್ರೂಪಿನಿಂದ ಹೊರಬರಬೇಡಿ. ಆಮೇಲೆ ಜಿಲ್ಲೆಯ ಸಿಇಎನ್ ಠಾಣೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆ ಇದೆ. ನಮ್ಮ ಹುಡುಗ ಎಲ್ಲವನ್ನೂ ಮಾಡಿದ, ಗೇಟ್ ಪಾಸಿನ ದುಡ್ಡು ಒಂದು ಖಾತೆಯಲ್ಲಿ ತಡೆಹಿಡಿದಿದ್ದಾರೆ, ಉಳಿದದ್ದು ಹೋದ ಹಾಗೇ. ತಮಾಷೆ ಏನೆಂದರೆ, ದೂರು ಕೊಟ್ಟ ಕೆಲವೇ ದಿನದಲ್ಲಿ "ಸೈಬರ್ ಸೆಲ್ ಆಫೀಸರ್" ಅಂತ ಒಬ್ಬ ಫೋನ್ ಮಾಡಿ, ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಗೆ 4,000 ಫೀಸ್ ಹಾಕಿ ಅಂದನಂತೆ. ಒಮ್ಮೆ ಕಳೆದುಕೊಂಡವರ ನಂಬರು ಈ ಜನರ ನಡುವೆ ಕೈ ಬದಲಾಗುತ್ತದೆ. ಪೊಲೀಸರು ಹಣ ಬಿಡಿಸಲು ಯುಪಿಐನಲ್ಲಿ ಫೀಸ್ ಕೇಳುವುದಿಲ್ಲ. ಈ ಸಲ ಹುಡುಗನೇ ಅವನಿಗೆ ಚೆನ್ನಾಗಿ ಉಗಿದು ಫೋನ್ ಇಟ್ಟ.

ಕೊನೆಗೆ ನಿಮ್ಮಲ್ಲೊಂದು ಕೋರಿಕೆ. ಹರಾಜು ಸೂಚನೆಗಳಿಗೆ ಬ್ಯಾಂಕುಗಳು ನಿಮಗೆ ದುಡ್ಡು ಕೊಡುತ್ತವೆ, ಆದರೆ ಭೂತಗನ್ನಡಿ ಹಿಡಿದರೂ ಓದಲಾಗದ ಅಕ್ಷರದಲ್ಲಿ ಅವು ಅಚ್ಚಾಗುತ್ತವೆ. ಪುಟದ ಮೂಲೆಯಲ್ಲಿ ಒಂದು ಸಣ್ಣ ಚೌಕ ಹಾಕಿ, ಸೂಚನೆಯಲ್ಲಿ ಏನೇನು ನೋಡಬೇಕು, ಯಾರನ್ನು ಕೇಳಬೇಕು ಅಂತ ತಿಳಿಗನ್ನಡದಲ್ಲಿ ಬರೆಯಲು ಆಗುತ್ತದಾ? ಜೊತೆಗೆ ನಿಮ್ಮ ಜಿಲ್ಲಾ ಆವೃತ್ತಿಗಳಲ್ಲಿ ಆಯಾ ಜಿಲ್ಲೆಯ ಸಿಇಎನ್ ಠಾಣೆಯ ಫೋನ್ ನಂಬರನ್ನೂ ಹಾಕಿ. ನಮ್ಮ ತುಮಕೂರಿನದ್ದು ಹುಡುಕಲು ನನಗೇ ಒಂದು ಗಂಟೆ ಹಿಡಿಯಿತು.

ಇಂತಿ,
ನಿಮ್ಮ ಓದುಗ, ತಿಪಟೂರು