ದಪ್ಪಕ್ಷರದ ವಾಟ್ ನಂಬ್ಬೇಡಿ

ಸಂಪಾದಕರೇ, ಹಬ್ಬ ಬಂತಂದ್ರೆ ಪೇಪರ್ ತುಂಬಾ ಹೋಮ್ ಥಿಯೇಟರ್ ಜಾಹೀರಾತು, ದಪ್ಪಕ್ಷರದಲ್ಲಿ ಸಾವಿರಾರು ವಾಟ್ ಪಿಎಂಪಿಒ ಅಂತ ಹಾಕಿರ್ತಾರೆ, ಅದು ಸ್ಪೀಕರ್ ಕ್ಷಣಮಾತ್ರ ಕೊಡೋ ಶಕ್ತಿಯ ಲೆಕ್ಕ ಸ್ವಾಮಿ, ನೋಡ್ಬೇಕಾಗಿರೋದು ಆರ್‌ಎಂಎಸ್ ವಾಟ್, ಅಂದ್ರೆ ಎಡೆಬಿಡದೆ ಕೊಡೋ ಶಕ್ತಿ. 10ಕ್ಕೆ 12 ಅಡಿ ಹಾಲ್‌ಗೆ 5.1 ಸೆಟ್ಟೇ (ಐದು ಸ್ಪೀಕರ್, ಒಂದು ಬೇಸ್ ಡಬ್ಬ) ಬೇಕು ಅಂತೇನಿಲ್ಲ, ಹಿಂದಿನ ಸ್ಪೀಕರ್ ಇಡೋಕೆ ಜಾಗ ಇಲ್ದೆ ಅವನ್ನೂ ಟೀವಿ ಪಕ್ಕನೇ ಜೋಡಿಸಿರೋ ಮನೆಗಳು ಎಷ್ಟಿಲ್ಲ! ಅಂಥವ್ರಿಗೆ 3.1 ಸೌಂಡ್‌ಬಾರ್ (ಎಡ, ಮಧ್ಯ, ಬಲ ಸ್ಪೀಕರ್ ಒಂದೇ ಉದ್ದ ಪಟ್ಟೀಲಿ, ಜೊತೆಗೊಂದು ಬೇಸ್ ಡಬ್ಬ) ಸಾಕು, ಡೈಲಾಗ್ ಹೆಚ್ಚಾಗಿ ಬರೋದೇ ಮಧ್ಯದ ಸ್ಪೀಕರಿಂದ, ಅಜ್ಜಿಗೂ ಮಾತು ಬಿಡಿಬಿಡಿಯಾಗಿ ಕೇಳ್ಸತ್ತೆ. ಟೀವೀಲಿ ಎಚ್‌ಡಿಎಂಐ ಎಆರ್‌ಸಿ ಪೋರ್ಟ್ (ಟೀವಿ ಶಬ್ದಾನ ಸೌಂಡ್‌ಬಾರ್‌ಗೆ ಕಳ್ಸೋ ಕಿಂಡಿ) ಇದ್ಯಾ ಅಂತ ಮೊದ್ಲೇ ನೋಡ್ಕೊಳ್ಳಿ, ಇದ್ರೆ ಒಂದೇ ಕೇಬಲ್ ಸಾಕು, ಟೀವಿ ರಿಮೋಟಲ್ಲೇ ವಾಲ್ಯೂಮ್. ಬರೀ ಬ್ಲೂಟೂತ್ ನಂಬ್ಕೊಂಡ್ರೆ ತುಟಿ ಮುಂದೆ ಮಾತು ಹಿಂದೆ ಆಗ್ಬಹುದು. ಜಾಹೀರಾತು ತಗೊಳ್ವಾಗ ಪತ್ರಿಕೆಯವ್ರೂ ಆರ್‌ಎಂಎಸ್ ಅಂಕಿ ಹಾಕ್ರಪ್ಪಾ ಅಂತ ಕೇಳ್ಬಾರ್ದಾ?

– ಒಬ್ಬ ಓದುಗ, ತುಮಕೂರು