ಮಗ್ಗಕ್ಕೆ ಎತ್ತರ ಸಾಲದ ಬೀದಿ

ಪ್ರೀತಿಯ ಮಂಜ,

ಫ್ರಾನ್ಸಿನ ಲಿಯಾನ್‌ನಿಂದ ಬರೆಯುತ್ತಿದ್ದೇನೆ. ಹಸಿರು ಕೊಡೆ ಜೊತೆಗೇ ಇದೆ, ಚಿಂತೆ ಬೇಡ. ಎಲ್ಲರೂ ಓದುವ ಕಡೆ ಯಾಕೆ ಬರೆಯುತ್ತಿದ್ದಾನೆ ಅಂತ ಕೇಳಬೇಡ. ಫೋನಿನಲ್ಲಿ ಇದನ್ನು ಹೇಳಲು ನನಗೆ ಆಗುವುದಿಲ್ಲ.

ಇವತ್ತು ಬೆಳಿಗ್ಗೆ ಸ್ಯಾಂ ಜಾಂ ಬೀದಿಯಲ್ಲಿ 54ನೇ ನಂಬರಿನ ಬಾಗಿಲು ತಳ್ಳಿದೆ. ನೋಡಿದರೆ ಯಾರದೋ ಮನೆ ಬಾಗಿಲು. ಒಳಗೆ ಕತ್ತಲ ಓಣಿ. ಆಮೇಲೆ ಅಂಗಳ, ಮತ್ತೆ ಓಣಿ, ಮತ್ತೆ ಅಂಗಳ. ಹೊರಗೆ ಬಂದರೆ ಬೇರೆಯೇ ಬೀದಿ! ಇಂಥ ಒಳದಾರಿಗೆ ತ್ರಾಬೂಲ್ ಅಂತಾರೆ. ಹಳೇ ಪೇಟೆಯಲ್ಲಿ ಇದೇ ಎಲ್ಲಕ್ಕಿಂತ ಉದ್ದದ್ದು. ಸೋನ್ ನದಿಗೂ ಗುಡ್ಡಕ್ಕೂ ನಡುವೆ ಜಾಗ ಕಮ್ಮಿ. ಬೀದಿಗಳೆಲ್ಲ ನದಿಯ ಉದ್ದಕ್ಕೇ ಸಾಗುತ್ತವೆ, ಅಡ್ಡರಸ್ತೆ ಅಪರೂಪ. ಹಾಗಾಗಿ ಮನೆಗಳ ಹೊಟ್ಟೆಯೊಳಗೇ ದಾರಿ. ಮೇಲೆ ಈಗಲೂ ಜನ ವಾಸವಿದ್ದಾರೆ. ಸದ್ದು ಮಾಡದೆ ನಡೆಯಬೇಕು.

ಮನೆಗಳು ಹೆಚ್ಚಾಗಿ 15, 16ನೇ ಶತಮಾನದವು. ಸಂತೆಗೆಂದು ಬಂದ ಇಟಲಿಯ ವ್ಯಾಪಾರಿಗಳು, ಲೇವಾದೇವಿಯವರು ಇಲ್ಲೇ ನೆಲೆ ನಿಂತರು. ಸುರುಳಿ ಮೆಟ್ಟಿಲು, ಅಂಗಳದ ಸುತ್ತ ಕಮಾನಿನ ಮೊಗಸಾಲೆ, ಮಾಸಿದ ಗುಲಾಬಿ ಬಣ್ಣದ ಗೋಡೆ. ಕತ್ತೆತ್ತಿ ನೋಡುತ್ತಾ ನೋಡುತ್ತಾ ಕುತ್ತಿಗೆ ನೋವು ಬಂತು. 1536ರಲ್ಲಿ ರಾಜ ಮೊದಲನೇ ಫ್ರಾಂಸ್ವಾ ಈ ಊರಿಗೆ ರೇಷ್ಮೆ ನೇಯುವ ಹಕ್ಕು ಕೊಟ್ಟ. ನೇಕಾರರು ಈ ಕಡೆಯ ಮನೆಗಳಲ್ಲೇ ಮಗ್ಗ ಹಾಕಿದರು.

ಮುಂದೆ 1804ರ ಹೊತ್ತಿಗೆ ಇದೇ ಊರಿನ ಜೋಸೆಫ್ ಮರಿ ಜಕಾರ್ಡ್ ತೂತಿನ ರಟ್ಟಿನಿಂದ ಚಿತ್ತಾರ ತೆಗೆಯುವ ಯಂತ್ರ ಮಾಡಿದ. ಅದು ಕೂರುವುದು ಮಗ್ಗದ ತಲೆಯ ಮೇಲೆ. ಇಲ್ಲಿನ ಸೂರು ತಗ್ಗು. ಹಾಗಾಗಿ ನೇಕಾರರು ನದಿ ದಾಟಿ ಕ್ರ್ವಾ ರೂಸ್ ಗುಡ್ಡ ಹತ್ತಿದರು. ಅಲ್ಲಿ ಅವರಿಗೆಂದೇ 4 ಮೀಟರ್ ಎತ್ತರದ ಕೋಣೆಗಳನ್ನು ಕಟ್ಟಿದರು.

ಜಕಾರ್ಡ್! ನಮ್ಮನೆಯಲ್ಲಿ ದಿನಾ ಕಿವಿಗೆ ಬೀಳುತ್ತಿದ್ದ ಮಾತು. ಅದು ಒಬ್ಬ ಮನುಷ್ಯನ ಹೆಸರು ಅಂತ ನನಗೆ ಗೊತ್ತೇ ಇರಲಿಲ್ಲ ಕಣೋ. ಜಕಾರ್ಡ್ ಕೂರಿಸಲು ಅಪ್ಪ ನಡುಮನೆಯ ಹೆಂಚು ಇಳಿಸಿ ಸೂರು ಎತ್ತರಿಸಿದ್ದು ನೆನಪಿದೆಯಲ್ವಾ? ನಾವಿಬ್ಬರೂ ಹೆಂಚು ಹೊತ್ತಿದ್ದೆವು.

ಈ ಬೀದಿಯೂ ಹೋಗಬೇಕಿತ್ತಂತೆ. ಮೇಯರ್ ಲೂಯಿ ಪ್ರದೆಲ್ ಹಳೇ ಪೇಟೆಯ ನಡುವೆ ದೊಡ್ಡ ರಸ್ತೆ ಹಾಯಿಸಲು ಹೊರಟಿದ್ದ. ಇಲ್ಲಿನ ಜನ ಬಿಡಲಿಲ್ಲ. 1964ರಲ್ಲಿ, ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ತಂದ ಕಾನೂನಿನಡಿ, ಇಡೀ ಫ್ರಾನ್ಸಿನಲ್ಲೇ ಮೊದಲ ಸಂರಕ್ಷಿತ ಪೇಟೆ ಇದಾಯಿತು.

ಯಾರದೋ ಗೋಡೆ ಉಳಿಸಲು ಇಷ್ಟು ಜನ ನಿಂತರು. ನಾನು?

ಅಪ್ಪನ ಮಗ್ಗವನ್ನು ಚಿಕ್ಕಪ್ಪ ಒಯ್ದರು ಅಂತ ನಿನಗೆ ಹೇಳಿದ್ದೆ. ಸುಳ್ಳು. ಅಪ್ಪ ತೀರಿಕೊಂಡು ವರ್ಷ ತುಂಬುವ ಮೊದಲೇ ಗುಜರಿಯವನಿಗೆ ತೂಕಕ್ಕೆ ಹಾಕಿದೆ. ಎತ್ತರಿಸಿದ ಸೂರಿನ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿದೆ. ಅಮ್ಮ ಏನೂ ಹೇಳಲಿಲ್ಲ. ಆ ದಿನ ಅಡುಗೆಮನೆಯಿಂದ ಹೊರಗೇ ಬರಲಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ ಬಿಡು. ಇಲ್ಲಿ ಗುಲಾಬಿ ಬಣ್ಣದ ಪ್ರಾಲಿನ್ ಟಾರ್ಟ್ ಅನ್ನೋ ಸಿಹಿತಿಂಡಿ ಮಾಡ್ತಾರೆ, ನಿನಗೆ ತುಂಬಾ ಹಿಡಿಸುತ್ತೆ. ಎರಡು ಕಟ್ಟಿಸಿಕೊಂಡು ಬರ್ತೀನಿ. ಅಮ್ಮನ ಕಡೆ ಹೋದರೆ ಅಟ್ಟದ ಮೇಲೆ ಸ್ವಲ್ಪ ನೋಡು. ಸೀರೆ ಬಾರ್ಡರಿನ ರಟ್ಟಿನ ಒಂದು ಕಟ್ಟು ಅಲ್ಲೇ ಇರಬೇಕು. ಸಿಕ್ಕರೆ ಧೂಳು ಒರೆಸಿ ನಿನ್ನ ಹತ್ತಿರ ಇಟ್ಟುಕೋ.

ನಿನ್ನ ಗೆಳೆಯ